ರೂಟರ್ ಮಾರ್ಟೈಸರ್ ಮನೆಯಲ್ಲೇ ಮಾಡೋದಾದ್ರೆ ಡ್ರಾಯರ್ ಸ್ಲೈಡ್ ಸಾಕಾ?

ಓದುಗರ ಪ್ರಶ್ನೆ: "ನನ್ನ ಹತ್ತಿರ ಮರ ಕೊರೆಯುವ ಒಂದು ರೂಟರ್ ಇದೆ. ಅದನ್ನು ಅಡ್ಡ ಮಲಗಿಸಿ, ಮುಂದೆ ಜಾರುವ ಟೇಬಲ್ ಇಟ್ಟು, ಮಾರ್ಟೈಸ್ ಕೊರೆಯುವ ಯಂತ್ರ ಮಾಡಬೇಕು ಅಂತ ಆಸೆ. ಡ್ರಾಯರ್ ಸ್ಲೈಡ್ ಸಾಕು ಅಂತ ಒಬ್ಬರು ಹೇಳುತ್ತಾರೆ. ಲೀನಿಯರ್ ರೈಲ್ (ಯಂತ್ರದ ಭಾಗ ನೇರವಾಗಿ ಜಾರೋಕೆ ಹಾಕುವ ಉಕ್ಕಿನ ಕಂಬಿ) ಇಲ್ಲದಿದ್ದರೆ ಸುಮ್ನೆ ಮರ ಹಾಳು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?"

ಡ್ರಾಯರ್ ಸ್ಲೈಡ್ ಸಾಕು. ನನ್ನ ಮೊದಲ ಯಂತ್ರ ಓಡಿದ್ದು ಅದರ ಮೇಲೇ. ಅದರಲ್ಲಿ ತೂತು ಅಗಲವಾಗಿ ಬರುತ್ತಿತ್ತು ಅನ್ನೋದೂ ನಿಜ. 8 ಮಿ.ಮೀ. ಬಿಟ್ (ರೂಟರ್ ತುದಿಯಲ್ಲಿ ತಿರುಗುತ್ತಾ ಮರ ಕಡಿಯುವ ಹಲ್ಲಿನ ಕಡ್ಡಿ) ಹಾಕಿದರೆ ತೂತಿನ ಅಗಲ 8.4 ಇರುತ್ತಿತ್ತು. ಸ್ಲೈಡ್ ಮೇಲೆ ಸಿಟ್ಟು ಬಂದು ಲೀನಿಯರ್ ರೈಲ್ ತಂದು ಕೂರಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ತಪ್ಪು ನನ್ನ ಕೈಯಲ್ಲಿತ್ತು. ಅದೇನು ಅಂತ ಮುಂದೆ ಹೇಳ್ತೀನಿ.

ಈ ಕೆಲಸಕ್ಕೆ ಹೊಸಬರಿಗಾಗಿ ಎರಡು ಮಾತು. ಮಾರ್ಟೈಸ್ ಅಂದರೆ ಮರದಲ್ಲಿ ಕೊರೆಯುವ ಉದ್ದನೆಯ ತೂತು. ಟೆನನ್ ಅಂದರೆ ಅದರೊಳಗೆ ಕೂರುವ ನಾಲಿಗೆ. ಉಳಿ, ಸುತ್ತಿಗೆ ಹಿಡಿದು ಒಂದು ತೂತು ತೋಡಬಹುದು, ಖುಷಿಯೂ ಆಗುತ್ತೆ. ನಾಲ್ಕು ಕುರ್ಚಿಗೆ ಅಂತ ಹದಿನಾರು ಕಾಲು ಎದುರಿಗೆ ಬಿದ್ದಾಗ ಆ ಖುಷಿ ಉಳಿಯಲ್ಲ. ಆಗ ಈ ಯಂತ್ರದ ನೆನಪಾಗುತ್ತದೆ.

ಯಂತ್ರ ಸರಳ. ರೂಟರ್ ಒಂದು ನಿಂತ ಹಲಗೆಗೆ ಬಿಗಿದಿರುತ್ತದೆ, ಬಿಟ್ ನಿಮ್ಮ ಕಡೆಗೆ ಮೂತಿ ಚಾಚಿರುತ್ತದೆ. ಮರ ಟೇಬಲ್ ಮೇಲೆ ಮಲಗಿರುತ್ತದೆ. ಟೇಬಲ್ ಎಡಬಲಕ್ಕೆ ಜಾರಿದರೆ ತೂತಿನ ಉದ್ದ, ಬಿಟ್ ಕಡೆಗೆ ಜಾರಿದರೆ ಆಳ. ಮೂರನೆಯದು ಎತ್ತರ. ತೂತು ಮರದ ದಪ್ಪದಲ್ಲಿ ಎಲ್ಲಿ ಬೀಳಬೇಕು ಅಂತ ಅದು ತೀರ್ಮಾನಿಸುತ್ತದೆ. ಅದನ್ನು ಒಮ್ಮೆ ಹೊಂದಿಸಿ ಬಿಗಿದುಬಿಡೋದು.

ಈಗ ಸಡಿಲದ ವಿಷಯ. ಸ್ಲೈಡ್ ಎಡಬಲಕ್ಕೆ ಅರ್ಧ ಮಿ.ಮೀ. ಅಲುಗಿದರೆ ತೂತು ಅರ್ಧ ಮಿ.ಮೀ. ಉದ್ದವಾಗುತ್ತದೆ, ಅಷ್ಟೇ. ಯಾರಿಗೂ ನಷ್ಟವಿಲ್ಲ. ಹಿಂದೆ ಮುಂದೆ ಅಲುಗಿದರೆ ತೂತಿನ ತಳ ಸ್ವಲ್ಪ ಏರುಪೇರು. ಅದನ್ನು ನೋಡುವವರೇ ಇಲ್ಲ. ಮೇಲೆ ಕೆಳಗೆ ಅಲುಗಿದರೆ ಮಾತ್ರ ಕಷ್ಟ, ಯಾಕೆಂದರೆ ಆ ದಿಕ್ಕಿನಲ್ಲೇ ತೂತಿನ ಅಗಲ ಇರೋದು. ನಾಲಿಗೆ ಬಿಗಿಯಾಗಿ ಕೂರಬೇಕಾದದ್ದೂ ಅಲ್ಲೇ. ಹಾಗಾಗಿ ಅಂಗಡಿಯಲ್ಲಿ ಸ್ಲೈಡ್ ಹಿಡಿದು ಎಲ್ಲ ಕಡೆಗೂ ಅಲ್ಲಾಡಿಸಿ ಬೇಜಾರು ಮಾಡಿಕೊಳ್ಳಬೇಡಿ. ಮೇಲೆ ಕೆಳಗೆ ಎಷ್ಟು ಅಲುಗುತ್ತದೆ, ಅದನ್ನಷ್ಟೇ ನೋಡಿ.

ಡ್ರಾಯರ್‌ನಲ್ಲಿ ಸ್ಲೈಡ್ ಪಕ್ಕಕ್ಕೆ, ಅಂಚಿನ ಮೇಲೆ ನಿಂತ ಹಾಗೆ ಕೂರುತ್ತದೆ. ಭಾರ ಹೊರೋಕೆ ಅದನ್ನು ಮಾಡಿರೋದೇ ಹಾಗೆ. ಇಲ್ಲೂ ಹಾಗೇ ನಿಲ್ಲಿಸಿ. ಜಾಗ ಉಳಿಸೋಕೆ ಅಂತ ಅಡ್ಡ ಮಲಗಿಸಿದರೆ ಬಾಗುತ್ತದೆ. ಇನ್ನೊಂದು, ಬೇಕಾಗಿದ್ದಕ್ಕಿಂತ ತುಂಬಾ ಉದ್ದದ ಸ್ಲೈಡ್ ತೆಗೆದುಕೊಳ್ಳಿ. ಟೇಬಲ್ ಓಡಬೇಕಾಗಿರೋದು 100 ಮಿ.ಮೀ. ಆದರೂ 450 ಮಿ.ಮೀ. ಸ್ಲೈಡ್ ಹಾಕಿ. ಪೂರ್ತಿ ಎಳೆದ ಸ್ಲೈಡ್ ಲೊಡಲೊಡ ಅನ್ನುತ್ತದೆ. ಮುಚ್ಚಿದ ಸ್ಥಿತಿಯ ಹತ್ತಿರದ ಒಂದು ಗೇಣಿನಲ್ಲಿ ಅದೇ ಸ್ಲೈಡ್ ಗಟ್ಟಿಯಾಗಿರುತ್ತದೆ.

ಇನ್ನು ನನ್ನ ಕೈಯ ತಪ್ಪು. ಟೇಬಲ್ ಕಡೆ ನಿಂತು ಬಿಟ್ಟಿನ ಮೂತಿ ನೋಡಿದರೆ ಅದು ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತಿರುತ್ತದೆ. ಟೇಬಲ್ಲನ್ನು ಬಲಕ್ಕೆ ತಳ್ಳಿ ಅಂದುಕೊಳ್ಳಿ. ಆಗ ಮರವನ್ನು ಕಡಿಯೋದು ಬಿಟ್ಟಿನ ಎಡ ಮಗ್ಗುಲು. ಆ ಮಗ್ಗುಲಿನಲ್ಲಿ ಹಲ್ಲು ಮೇಲಿನಿಂದ ಕೆಳಕ್ಕೆ ಬರುತ್ತಿರುತ್ತದೆ. ಅಂದರೆ ಮರವನ್ನು ಟೇಬಲ್ಲಿಗೆ, ಟೇಬಲ್ಲನ್ನು ಸ್ಲೈಡಿಗೆ ಒತ್ತುತ್ತದೆ. ಸ್ಲೈಡ್‌ನಲ್ಲಿ ಸಡಿಲ ಇದ್ದರೂ ಅದು ಕೆಳಗೆ ಕೂತೇ ಇರುತ್ತದೆ. ಈಗ ಎಡಕ್ಕೆ ತಳ್ಳಿ. ಕಡಿಯೋದು ಬಲ ಮಗ್ಗುಲು, ಅಲ್ಲಿ ಹಲ್ಲು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಟೇಬಲ್ಲನ್ನೇ ಎತ್ತುತ್ತದೆ. ಸ್ಲೈಡ್‌ನಲ್ಲಿ ಎಷ್ಟು ಸಡಿಲ ಇದೆಯೋ ಅಷ್ಟೂ ತೂತಿಗೆ ಬಂದು ಸೇರುತ್ತದೆ.

ನಾನು ಮಾಡುತ್ತಿದ್ದದ್ದು ಏನು ಗೊತ್ತಾ? ಗರಗಸ ಎಳೆಯೋ ಹಾಗೆ ಎಡಬಲ, ಎಡಬಲ, ಬೇಗ ಮುಗಿಯಲಿ ಅಂತ. ಬಲಕ್ಕೆ ಹೋದಾಗ ಒಂದು ಗೆರೆ, ಎಡಕ್ಕೆ ಬಂದಾಗ ಅದಕ್ಕಿಂತ ಕೂದಲೆಳೆ ಕೆಳಗೆ ಇನ್ನೊಂದು ಗೆರೆ. 0.4 ಮಿ.ಮೀ. ಬಂದದ್ದು ಹೀಗೆ. ರೈಲ್ ಹಾಕಿದ ಮೇಲೂ ಸ್ವಲ್ಪ ಉಳಿಯಿತು, ಯಾಕೆಂದರೆ ಆಗ ರೂಟರ್ ಹಿಡಿದ ಹಲಗೆ ಬಾಗುತ್ತಿತ್ತು. ಈಗ ಕಡಿಯೋದು ಒಂದೇ ದಿಕ್ಕಿಗೆ. ಬಲಕ್ಕೆ ತಳ್ಳೋದು, ಟೇಬಲ್ಲನ್ನು ಹಿಂದಕ್ಕೆಳೆದು ಬಿಟ್ ಹೊರಗೆ ತರೋದು, ಎಡಕ್ಕೆ ತಂದು ಮತ್ತೆ ಒಳಗೆ. ಒಂದು ತೂತಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಹಾಗಾದರೆ ರೈಲ್ ಬೇಡವೇ ಬೇಡವಾ? ದುಡ್ಡಿದ್ದರೆ ಹಾಕಿ. 16 ಮಿ.ಮೀ. ದುಂಡು ರೈಲು, ಕೆಳಗೆ ಉದ್ದಕ್ಕೂ ಆಧಾರ ಇರುವಂಥದ್ದು, ಈ ಕೆಲಸಕ್ಕೆ ಧಾರಾಳವಾಯಿತು. ಕೈಗೆ ನಯವಾಗಿ ಬರುತ್ತದೆ. ಆದರೆ ಆ ದುಡ್ಡನ್ನು ಮೊದಲು ಒಳ್ಳೆ ಪ್ಲೈವುಡ್‌ಗೆ ಹಾಕಿ ಅಂತೀನಿ. 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿ ತಳ ಮಾಡಿ. ರೂಟರ್ ಹಿಡಿಯುವ ಹಲಗೆಗೂ ಎರಡು ಪದರ, ಹಿಂದೆ ಎರಡೂ ಕಡೆ ತ್ರಿಕೋನದ ಆಸರೆ. ದೊಡ್ಡ ಪ್ಲಂಜ್ ರೂಟರ್ ಐದಾರು ಕಿಲೋ ತೂಗುತ್ತದೆ. ಬರೀ ತಳಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದ ಹಲಗೆ ಅದನ್ನು ಹೊತ್ತು ನಡುಗದೆ ಇರಲ್ಲ.

ಎತ್ತರ ಹೊಂದಿಸೋಕೆ ಜನ ಏನೇನೋ ಸರ್ಕಸ್ ಮಾಡುತ್ತಾರೆ. ನನಗೆ ಇಷ್ಟವಾದದ್ದು ತೂಗುವ ಹಲಗೆ, ಅಂದರೆ ನಿಂತ ಹಲಗೆಯ ಮುಂದೆ ಇನ್ನೊಂದು ಹಲಗೆ. ರೂಟರ್ ಕೂತ ಹಲಗೆಯ ಒಂದು ತುದಿಗೆ ಒಂದೇ ಬೋಲ್ಟ್, ಅದರ ಸುತ್ತ ಹಲಗೆ ತಿರುಗುತ್ತದೆ. ಇನ್ನೊಂದು ತುದಿಯ ಕೆಳಗೆ ಎಂ6 (6 ಮಿ.ಮೀ. ದಪ್ಪದ) ಥ್ರೆಡ್ ರಾಡ್. ಎಂ6ರಲ್ಲಿ ಒಂದು ಸುತ್ತು ತಿರುಗಿಸಿದರೆ 1 ಮಿ.ಮೀ. ಏರುತ್ತದೆ. ರೂಟರ್ ಇರೋದು ಬೋಲ್ಟಿಗೂ ರಾಡಿಗೂ ಸರಿಯಾಗಿ ಮಧ್ಯದಲ್ಲಾದರೆ ಬಿಟ್ ಏರೋದು ಅದರ ಅರ್ಧ. ಕಾಲು ಸುತ್ತು ತಿರುಗಿಸಿದರೆ 0.125 ಮಿ.ಮೀ. ಹಲಗೆ ತನ್ನ ಸಮತಲದಲ್ಲೇ ತಿರುಗುವುದರಿಂದ ಬಿಟ್ಟಿನ ದಿಕ್ಕು ಬದಲಾಗಲ್ಲ. ಹೊಂದಿಸಿದ ಮೇಲೆ ಎರಡು ತುದಿಯನ್ನೂ ಹಿಂದಿನ ಹಲಗೆಗೆ ಬಿಗಿದುಬಿಡಿ.

ಸ್ಲೈಡ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಮರೆಯೋದು ಇದನ್ನ: ಬಿಟ್ಟಿನ ಅಕ್ಷ ಟೇಬಲ್ ಮೇಲ್ಮೈಗೆ ಸಮಾನಾಂತರವಾಗಿರಬೇಕು. ತೂತು ಮಧ್ಯಕ್ಕೆ ಸರಿಯಾಗಿ ಬೀಳದಿದ್ದರೆ ಪರವಾಗಿಲ್ಲ. ಎರಡೂ ತುಂಡಿನ ಮುಂಬದಿಯ ಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ಗುರುತಿನ ಮುಖವನ್ನೇ ಕೆಳಗೆ ಮಾಡಿ ಕೊರೆದರೆ ಎರಡರಲ್ಲೂ ಒಂದೇ ಅಂತರ ಬರುತ್ತದೆ, ಜೋಡಿಸಿದಾಗ ಮುಖ ಸಮ ಕೂರುತ್ತದೆ. ಆದರೆ ಓರೆ ಹಾಗೆ ವಜಾ ಆಗಲ್ಲ. ಉಲ್ಟಾ, ಎರಡಾಗುತ್ತದೆ. ಒಂದು ತುಂಡಿನಲ್ಲಿ ತೂತು ಒಳಗೆ ಹೋಗುತ್ತಾ ಮೇಲಕ್ಕೆ ವಾಲಿದರೆ, ಎದುರು ತುಂಡಿನಲ್ಲೂ ಒಳಗೆ ಹೋಗುತ್ತಾ ಮೇಲಕ್ಕೇ ವಾಲುತ್ತದೆ. ನೇರವಾದ ನಾಲಿಗೆ ಹಾಕಿ ಸೇರಿಸಿದರೆ ಎರಡೂ ಮರ ಸೇರಿ ಛಾವಣಿ ಹಾಗೆ ಮುರಿದುಕೊಂಡು ನಿಲ್ಲುತ್ತವೆ. ಲೆಕ್ಕ ಹಾಕಿ: 25 ಮಿ.ಮೀ. ಆಳಕ್ಕೆ 0.1 ಮಿ.ಮೀ. ಓರೆ. ಒಂದು ಕಾಗದದ ದಪ್ಪ. 600 ಮಿ.ಮೀ. ಉದ್ದದ ಅಡ್ಡಪಟ್ಟಿಯ ತುದಿಗೆ ಅದು 2.4 ಆಗುತ್ತದೆ, ಎರಡು ಪಟ್ಟು ಮಾಡಿದರೆ 4.8 ಮಿ.ಮೀ. ಬಾಗಿಲ ಚೌಕಟ್ಟು ನೆಲದ ಮೇಲೆ ಇಟ್ಟರೆ ಒಂದು ಮೂಲೆ ಎದ್ದು ಕೂರೋದು ಇದಕ್ಕೇ.

ಪರೀಕ್ಷೆ ಮಾಡೋದು ಸುಲಭ. ಪ್ಲಗ್ ಕಿತ್ತು, ಬಿಟ್ ಬದಲು, ಬಿಟ್ ಹಿಡಿಯುವ ಬಾಯಿಗೆ ಅಂದರೆ ಕಾಲೆಟ್‌ಗೆ ಹೊಂದುವ ನೇರವಾದ ಸ್ಟೀಲ್ ಸರಳು ಹಾಕಿ. 100 ಮಿ.ಮೀ. ಹೊರಗೆ ಚಾಚಿರಲಿ. ಸರಳಿನ ಕೆಳಗೆ ಸರಿಯಾಗಿ ಜಾರುವ ಒಂದು ಮರದ ತುಂಡು ಮಾಡಿಕೊಳ್ಳಿ. ಕಾಲೆಟ್ ಹತ್ತಿರ ಜಾರಿ, ತುದಿಯಲ್ಲಿ ಸಿಕ್ಕಿಕೊಂಡರೆ ಬಿಟ್ ಕೆಳಗೆ ವಾಲಿದೆ. ಸರಳನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ, ಸರಳೇ ಸೊಟ್ಟ ಇದ್ದರೆ ಆಗ ಗೊತ್ತಾಗುತ್ತದೆ. ಟೇಬಲ್ಲನ್ನು ಎಡಬಲಕ್ಕೆ ಜಾರಿಸಿ ಅದೇ ತುಂಡಿನಿಂದ ನೋಡಿ. ಆಮೇಲೆ ಹಿಂದೆ ಮುಂದೆ. ಟೇಬಲ್ ಹಿಂದೆ ಮುಂದೆ ಜಾರುವ ದಾರಿ ಬಿಟ್ಟಿಗೆ ಸಮಾನಾಂತರ ಇಲ್ಲದಿದ್ದರೆ ತೂತಿನ ಬಾಯಿ ಅಗಲವಾಗಿ, ತಳ ಕಿರಿದಾಗಿ ಬರುತ್ತದೆ. ಸರಿಪಡಿಸೋಕೆ ಟೇಬಲ್ ಕೆಳಗೆ ಕಾಗದದ ಪಟ್ಟಿ ಸಾಕು. ಮಾಮೂಲಿ ಪ್ರಿಂಟರ್ ಕಾಗದ ಸುಮಾರು 0.1 ಮಿ.ಮೀ. ಇರುತ್ತದೆ. ನನ್ನ ಯಂತ್ರದಲ್ಲಿ ಹಿಂದಿನ ಅಂಚಿನ ಕೆಳಗೆ ಮೂರು ಪಟ್ಟಿ ಇವೆ, ಅದರಲ್ಲೊಂದು ಹಳೇ ಬಿಲ್ಲು.

ಬಿಟ್ ವಿಷಯದಲ್ಲಿ ಜಿಪುಣತನ ಬೇಡ. ಕಾರ್ಬೈಡ್‌ನ ಅಪ್‌ಕಟ್ ಸ್ಪೈರಲ್, ಅಂದರೆ ಸುರುಳಿ ಹಲ್ಲಿನ ಬಿಟ್ ಬೇಕು, ಅದು ಹೊಟ್ಟನ್ನು ತೂತಿನಿಂದ ಹೊರಗೆಳೆದು ಹಾಕುತ್ತದೆ. ನೇರ ಹಲ್ಲಿನ ಬಿಟ್ ಹಾಕಿದರೆ ಹೊಟ್ಟು ಒಳಗೇ ಗಿಡಿದು, ಬಿಸಿಯಾಗಿ, ಮರ ಸುಟ್ಟ ವಾಸನೆ ಬರುತ್ತದೆ. ದಪ್ಪ ಎಷ್ಟಿರಬೇಕು ಅಂದರೆ ಮರದ ಮೂರನೇ ಒಂದು ಭಾಗ. 24 ಮಿ.ಮೀ. ಮರಕ್ಕೆ 8 ಮಿ.ಮೀ. ಬಿಟ್. ಒಂದು ಸಲಕ್ಕೆ 3 ಅಥವಾ 4 ಮಿ.ಮೀ. ಆಳ ಸಾಕು. ಆಸೆಪಟ್ಟು 10 ಹೋದರೆ ಬಿಟ್ ಬಾಗುತ್ತದೆ, ಮತ್ತೆ ತೂತು ಅಗಲ. ಚಿಕ್ಕ ಟ್ರಿಮ್ಮರ್ ರೂಟರ್ ಇರುವವರು 6 ಮಿ.ಮೀ. ಬಿಟ್, 2 ಮಿ.ಮೀ. ಆಳ ಅಂತ ಇಟ್ಟುಕೊಳ್ಳಿ. ಬಿಟ್ಟನ್ನು ಕಾಲೆಟ್ ತಳಕ್ಕೆ ಮುಟ್ಟಿಸಿ, ಎರಡು ಮೂರು ಮಿ.ಮೀ. ಹಿಂದಕ್ಕೆಳೆದು ಬಿಗಿಯಿರಿ.

ಮರವನ್ನು ಎರಡು ಟಾಗಲ್ ಕ್ಲಾಂಪ್ (ಹಿಡಿ ಒತ್ತಿದರೆ ಅದುಮಿ ಹಿಡಿಯುವಂಥದ್ದು) ಹಾಕಿ ಹಿಡಿಸಿ. ಕೈಯಲ್ಲಿ ಹಿಡಿದು ಕೊರೆಯೋದು ಬೇಡವೇ ಬೇಡ, ಎರಡೂ ಕೈ ಟೇಬಲ್ಲಿನ ಹಿಡಿಕೆ ಮೇಲಿರಲಿ. ಸ್ವಿಚ್ ರೂಟರ್ ಮೇಲೆ ಇದ್ದರೆ ಬಿಟ್ ದಾಟಿ ಕೈ ಚಾಚಬೇಕಾಗುತ್ತದೆ, ಆದ್ದರಿಂದ ಮುಂದುಗಡೆ ಒಂದು ಸ್ವಿಚ್ ಹಾಕಿಕೊಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್.

ತೂತಿನ ಎರಡು ತುದಿ ದುಂಡಗೆ ಬರುತ್ತವೆ, ನಾಲಿಗೆ ಚೌಕ. ಏನು ಮಾಡೋದು? ತುದಿಯನ್ನು ಉಳಿಯಿಂದ ಚೌಕ ಮಾಡುತ್ತಾ ಕೂರಬೇಡಿ. ಎರಡೂ ತುಂಡಿಗೆ ತೂತು ಕೊರೆದು, ನಡುವೆ ಬೇರೆ ಮರದ ನಾಲಿಗೆ ಸೇರಿಸಿ. ಬಿಡಿ ಟೆನನ್ ಅಂತಾರಲ್ಲ, ಅದು. ತೂತು ತಲಾ 25 ಮಿ.ಮೀ. ಆಳ ಇದ್ದರೆ ನಾಲಿಗೆ 48 ಉದ್ದ, ಅಂಟಿಗೆ ಎರಡು ಕಡೆ ಒಂದೊಂದು ಮಿ.ಮೀ. ಜಾಗ. ನಾಲಿಗೆಯ ಅಂಚು ದುಂಡಗೆ ಮಾಡಲೇಬೇಕು ಅಂತಿಲ್ಲ. ತೂತು 40 ಮಿ.ಮೀ. ಉದ್ದ, ಬಿಟ್ 8 ಆದರೆ ಮಧ್ಯದ ನೇರ ಭಾಗ 32. ಅಷ್ಟೇ ಅಗಲದ ಚೌಕ ಪಟ್ಟಿ ಹಾಕಿದರೆ ಆಯಿತು. ಅಂಟು ಹಿಡಿಯೋದು ಅಗಲವಾದ ಎರಡು ಮುಖದಲ್ಲಿ, ತುದಿಯ ದುಂಡು ಜಾಗ ಖಾಲಿ ಇದ್ದರೆ ಹೆಚ್ಚಾದ ಅಂಟು ಅಲ್ಲಿಗೆ ಹೋಗುತ್ತದೆ.

ಪಟ್ಟಿಯ ದಪ್ಪವನ್ನು ಮಾತ್ರ ತೂತಿಗೆ ನೋಡಿಕೊಂಡೇ ಕೀಸಿ, ಸ್ಕೇಲ್ ನೋಡಿ ಬೇಡ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬೇಕು, ತುಂಡನ್ನು ತಲೆಕೆಳಗು ಮಾಡಿದರೆ ಬೀಳಬಾರದು. ಸುತ್ತಿಗೆ ಬೇಕು ಅನ್ನಿಸಿದರೆ ಇನ್ನೆರಡು ಸಲ ಕೀಸುಳಿ ಆಡಿಸಿ. ಅಂಟು ಹಚ್ಚಿದಾಗ ಮರ ಉಬ್ಬುತ್ತದೆ, ಒಣಗಿದ್ದಾಗ ಬಿಗಿ ಇದ್ದದ್ದು ಆಗ ಅರ್ಧಕ್ಕೇ ನಿಂತುಬಿಡುತ್ತದೆ.