ವಿಡಿಯೋ ಮಾಡುವಾಗ ಶಟರ್ ಮುಟ್ಟಬೇಡಿ

ಗೆಳೆಯರೊಬ್ಬರು ಕಿಟಕಿ ಪಕ್ಕ ಕುಳಿತು ಮಾತಾಡುತ್ತಿದ್ದರು. ನಾನು ವಿಡಿಯೋ ಮಾಡುತ್ತಿದ್ದೆ. ಬೆಳಕು ಹದವಾಗಿತ್ತು, ಮುಖ ಚೆನ್ನಾಗಿ ಕಾಣುತ್ತಿತ್ತು. ನಡುವೆ ಬಿಳಿ ಅಂಗಿ ತೊಟ್ಟ ಯಾರೋ ಅವರ ಹಿಂದಿನಿಂದ ಹಾದು ಹೋದರು. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ, ಆ ಅಂಗಿ ಬಂದ ಕೂಡಲೇ ಗೆಳೆಯರ ಮುಖ ಕಪ್ಪಾಗಿದೆ. ಅಂಗಿ ಮರೆಯಾಗಿ ಎರಡು ಸೆಕೆಂಡಿಗೆ ಮತ್ತೆ ನಿಧಾನವಾಗಿ ಬೆಳಗಿದೆ. ಅಷ್ಟು ಹೊತ್ತೂ ಕಿಟಕಿಯ ಬೆಳಕು ಒಂದೇ ತರ ಇತ್ತು. ಬದಲಾದದ್ದು ಕ್ಯಾಮೆರಾದ ಲೆಕ್ಕ.

ಕ್ಯಾಮೆರಾ ಆಟೋ ಮೋಡಿನಲ್ಲಿತ್ತು, ಅಂದರೆ ಬೆಳಕಿನ ಲೆಕ್ಕವನ್ನೆಲ್ಲ ಅದೇ ಹಾಕುತ್ತಿತ್ತು. ಆಟೋದಲ್ಲಿ ಕ್ಯಾಮೆರಾ ಎದುರಿನ ದೃಶ್ಯವನ್ನೆಲ್ಲ ಅಳೆಯುತ್ತದೆ. ಒಟ್ಟಾರೆ ಅದು ಒಂದು ನಡು ಬೂದು ಬಣ್ಣದಷ್ಟು ಬೆಳಗಿರಬೇಕು ಎಂದು ಲೆಕ್ಕ ಹಾಕುತ್ತದೆ. ಮೇಲೆ ಬಿದ್ದ ಬೆಳಕಿನಲ್ಲಿ 18 ಪರ್ಸೆಂಟನ್ನು ವಾಪಸ್ ಕಳಿಸುವ ಬೂದು ಎಂಬುದು ಫೋಟೋಗ್ರಫಿಯ ಹಳೆಯ ಅಳತೆ. ಹಿಮ ತುಂಬಿದ ಬಯಲು ತೋರಿಸಿದರೂ ಕ್ಯಾಮೆರಾ ಅದನ್ನು ಬೂದಿನ ಕಡೆಗೆ ಎಳೆಯುತ್ತದೆ, ಕಪ್ಪು ಕೋಟು ತೋರಿಸಿದರೂ ಅಷ್ಟೇ. ಈಗಿನ ಕ್ಯಾಮೆರಾಗಳು ಮುಖ ಗುರುತಿಸಿ ಇನ್ನೊಂದಿಷ್ಟು ಜಾಣತನ ತೋರಿಸುತ್ತವೆ, ನಿಜ. ಆದರೂ ಫ್ರೇಮಿನೊಳಗೆ ಏನಾದರೂ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಫೋಟೋದಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಒಂದು ಚಿತ್ರ ಕೆಟ್ಟರೆ ಇನ್ನೊಂದು ತೆಗೆದರಾಯಿತು. ವಿಡಿಯೋದಲ್ಲಿ ತಪ್ಪೂ ರೆಕಾರ್ಡ್ ಆಗುತ್ತದೆ, ಕ್ಯಾಮೆರಾ ಅದನ್ನು ತಿದ್ದಿಕೊಳ್ಳುವುದೂ ರೆಕಾರ್ಡ್ ಆಗುತ್ತದೆ. ಮುಖ ಸ್ವಲ್ಪ ಮಂಕಾಗಿದ್ದರೂ ನೋಡುವವರು ಎರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ. ಕಾರಣವೇ ಇಲ್ಲದೆ ಮಂಕಾಗಿ ಬೆಳಗುತ್ತಿದ್ದರೆ ಮಾತಿನಿಂದ ಅವರ ಗಮನ ಹಾರಿಹೋಗುತ್ತದೆ.

ಸ್ಟಿಲ್ ಕ್ಯಾಮೆರಾಗಳಿಗೆ ವಿಡಿಯೋ ಬಂದ ಹೊಸದರಲ್ಲಿ ಇದು ಎಷ್ಟು ಕಾಡಿತ್ತು ಎಂಬುದಕ್ಕೆ ಒಂದು ಕಥೆ ಇದೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂತು. ಬೆಳಕು ಹಿಡಿಯುವ ದೊಡ್ಡ ಸೆನ್ಸರ್, ಫುಲ್ ಎಚ್‌ಡಿ ವಿಡಿಯೋ. ಸಿನಿಮಾದಂಥ ಚಿತ್ರ ನೋಡಿ ಜನ ಬೆರಗಾದರು. ಆದರೆ ವಿಡಿಯೋದಲ್ಲಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬ ಲೆಕ್ಕ, ಪೂರ್ತಿ ಆಟೋ. ಆಗ ಕೆಲವರು ಲೆನ್ಸನ್ನು ಸ್ವಲ್ಪ ತಿರುಗಿಸಿ, ಕ್ಯಾಮೆರಾಗೂ ಲೆನ್ಸಿಗೂ ನಡುವಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಲೆನ್ಸಿನೊಳಗಿನ ಕಿಂಡಿ, ಅಂದರೆ ಅಪರ್ಚರ್, ಇದ್ದಲ್ಲೇ ನಿಲ್ಲುವಂತೆ ಮಾಡಿಕೊಂಡರು. ಇನ್ನು ಕೆಲವರು ಕೈಯಿಂದ ತಿರುಗಿಸುವ ಅಪರ್ಚರ್ ಉಂಗುರವಿದ್ದ ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಕೂರಿಸಿದರು. 2009ರ ಜೂನ್‌ನಲ್ಲಿ ಕಂಪನಿ ಹೊಸ ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್, ಕೊಟ್ಟಿತು. ಶಟರ್, ಅಪರ್ಚರ್, ಐಎಸ್‌ಒ ಮೂರೂ ಬಳಸುವವರ ಕೈಗೆ ಬಂದವು.

ಈ ಮೂರೂ ಫೋಟೋ ತೆಗೆಯುವವರಿಗೆ ಗೊತ್ತಿರುವಂಥವೇ. ಅಪರ್ಚರ್ ಅಂದರೆ ಆ ಕಿಂಡಿ ಎಷ್ಟು ತೆರೆದಿದೆ ಎಂಬುದು. ಶಟರ್ ಸ್ಪೀಡ್ ಅಂದರೆ ಸೆನ್ಸರ್ ಎಷ್ಟು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ ಎಂಬುದು. ಐಎಸ್‌ಒ ಅಂದರೆ ಕೂಡಿದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸುವುದು ಎಂಬುದು. ಬೆಳಕು ದುಪ್ಪಟ್ಟಾದರೆ ಅಥವಾ ಅರ್ಧವಾದರೆ ಅದಕ್ಕೆ ಒಂದು ಸ್ಟಾಪ್ ಎನ್ನುತ್ತಾರೆ. ಫೋಟೋದಲ್ಲಿ ಮೂರರಲ್ಲಿ ಯಾವುದನ್ನು ಬೇಕಾದರೂ ತಿರುಗಿಸಿ ಸರಿದೂಗಿಸಬಹುದು. ಬಿಸಿಲು ಜಾಸ್ತಿ ಇದ್ದರೆ ಶಟರನ್ನು 1/4000 ಸೆಕೆಂಡಿಗೆ ಏರಿಸಿದರಾಯಿತು. ಅದೇ ಅಭ್ಯಾಸವನ್ನು ವಿಡಿಯೋಗೆ ತಂದರೆ ಚಿತ್ರ ಕೆಡುತ್ತದೆ. ಯಾಕೆ ಅಂತ ಸ್ವಲ್ಪ ನಿಂತು ನೋಡೋಣ.

ಒಬ್ಬರು ಕೈ ಬೀಸುತ್ತಿದ್ದಾರೆ ಅಂದುಕೊಳ್ಳಿ. ಕೈಯ ವೇಗ ಸೆಕೆಂಡಿಗೆ 1 ಮೀಟರ್. ನೀವು ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ, ತೆಗೆಯುತ್ತಿದ್ದೀರಿ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕೈ 4 ಸೆಂಟಿಮೀಟರ್ ಸರಿಯುತ್ತದೆ. ಶಟರ್ 1/50 ಇದ್ದರೆ, ಪ್ರತಿ ಫ್ರೇಮಿನಲ್ಲೂ ಕೈ 2 ಸೆಂಟಿಮೀಟರ್ ಉದ್ದಕ್ಕೆ ಮಸುಕಾಗಿ ಮೂಡುತ್ತದೆ. ಆಮೇಲೆ 2 ಸೆಂಟಿಮೀಟರ್ ಖಾಲಿ, ಮತ್ತೆ 2 ಸೆಂಟಿಮೀಟರ್ ಮಸುಕು. ಈ ಮಸುಕುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಕಣ್ಣು ಅವನ್ನು ಹೊಲಿದು ಒಂದೇ ಚಲನೆ ಮಾಡಿಕೊಳ್ಳುತ್ತದೆ. ಈಗ ಶಟರನ್ನು 1/1000 ಮಾಡಿ. ಮಸುಕು 1 ಮಿಲಿಮೀಟರಿಗೆ ಇಳಿಯಿತು. ಕೈಯ ಚೂಪಾದ ಚಿತ್ರ, ಆಮೇಲೆ ಸುಮಾರು 4 ಸೆಂಟಿಮೀಟರ್ ಏನೂ ಇಲ್ಲ, ಮತ್ತೆ ಚೂಪಾದ ಚಿತ್ರ. ಹೊಲಿಯಲು ಕಣ್ಣಿಗೆ ನೂಲೇ ಸಿಗುವುದಿಲ್ಲ. ಕೈ ಜಿಗಿಜಿಗಿದು ಹೋದ ಹಾಗೆ ಕಾಣುತ್ತದೆ. ಬಿಸಿಲಲ್ಲಿ ಆಟೋದಲ್ಲಿ ತೆಗೆದ ಎಷ್ಟೋ ವಿಡಿಯೋಗಳಲ್ಲಿ ನಡೆಯುವವರು ತಡವರಿಸಿ ನಡೆದಂತೆ ಕಾಣುವುದು ಇದೇ ಕಾರಣಕ್ಕೆ.

ಫ್ರೇಮಿನ ಸಮಯದ ಅರ್ಧದಷ್ಟು ಶಟರ್ ಎಂಬ ರೂಢಿ ಬಂದದ್ದು ರೀಲಿನ ಕಾಲದಿಂದ. ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಒಂದು ತಟ್ಟೆ ಸುತ್ತುತ್ತಿತ್ತು. ತಟ್ಟೆಯ ಮುಚ್ಚಿದ ಭಾಗ ಅಡ್ಡ ಬಂದಾಗ ಫಿಲ್ಮನ್ನು ಕೆಳಗೆ ಎಳೆದು ಮುಂದಿನ ಫ್ರೇಮ್ ಕೂರಿಸಬೇಕು. ತೆರೆದ ಭಾಗ ಬಂದಾಗ ಅದಕ್ಕೆ ಬೆಳಕು ಬೀಳಬೇಕು. ಎಳೆಯುವುದಕ್ಕೂ ಸಮಯ ಬೇಕು, ಬೆಳಕಿಗೂ ಬೇಕು. ಅರ್ಧ ಅರ್ಧ ಹಂಚಿಕೊಂಡರೆ ತಟ್ಟೆಯ 180 ಡಿಗ್ರಿ ತೆರೆದಿರುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ವೇಗ ಒಂದೇ ಸಮ ಇರುತ್ತಿರಲಿಲ್ಲ. 1920ರ ದಶಕದ ಕೊನೆಗೆ ಫಿಲ್ಮಿನ ಅಂಚಿನಲ್ಲೇ ಶಬ್ದ ಸೇರಿಕೊಂಡಿತು. ವೇಗ ಏರುಪೇರಾದರೆ ದನಿಯೂ ಏರುಪೇರಾಗುತ್ತದೆ ಅಲ್ವಾ? ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಗಟ್ಟಿಯಾಯಿತು. 24 ಫ್ರೇಮ್, ಅರ್ಧ ತೆರೆದ ತಟ್ಟೆ, ಅಲ್ಲಿಗೆ 1/48 ಸೆಕೆಂಡ್.

ಡಿಜಿಟಲ್ ಕ್ಯಾಮೆರಾದಲ್ಲಿ ಎಳೆಯಲು ಫಿಲ್ಮ್ ಇಲ್ಲ. ಆದರೂ ಈ ಅರ್ಧದ ಲೆಕ್ಕ ಉಳಿದುಕೊಂಡಿದೆ. 24 ಅಥವಾ 25 ಫ್ರೇಮಿಗೆ 1/50, 30ಕ್ಕೆ 1/60, 60ಕ್ಕೆ 1/125. ಬೇಕಂತಲೇ ಇದನ್ನು ಮುರಿಯುವವರೂ ಇದ್ದಾರೆ. ಹೊಡೆದಾಟದ ದೃಶ್ಯ ಚುರುಕಾಗಿ, ಒರಟಾಗಿ ಕಾಣಲಿ ಎಂದು ಶಟರ್ ಏರಿಸುತ್ತಾರೆ. ಆಟಗಾರರ ಕಾಲಿನ ಚಲನೆಯನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಬೇಕಾದವರೂ ಏರಿಸುತ್ತಾರೆ. ಅಲ್ಲೂ ಶಟರ್ ಬದಲಾಗುವುದು ಚಲನೆಗಾಗಿ. ಬೆಳಕು ಜಾಸ್ತಿ ಆಯಿತು, ಕಡಿಮೆ ಆಯಿತು ಎಂದು ಸುಮ್ನೆ ಶಟರಿಗೆ ಕೈ ಹಾಕಬಾರದು ಎಂಬುದೇ ನನ್ನ ಮಾತು.

ದೀಪಗಳ ಕೆಳಗೆ ಶಟರಿಗೆ ಇನ್ನೊಂದು ಕಟ್ಟು ಇದೆ. ಮನೆಗೆ ಬರುವ ವಿದ್ಯುತ್ ಕೆಲವು ದೇಶಗಳಲ್ಲಿ ಸೆಕೆಂಡಿಗೆ 50 ಸಲ ಅಲೆಯುತ್ತದೆ, ಕೆಲವೆಡೆ 60 ಸಲ. ಜಪಾನಿನಲ್ಲಂತೂ ಪೂರ್ವದಲ್ಲಿ 50, ಪಶ್ಚಿಮದಲ್ಲಿ 60. ಒಂದು ಅಲೆಯಲ್ಲಿ ವಿದ್ಯುತ್ ಎರಡು ಸಲ ತುದಿ ಮುಟ್ಟುತ್ತದೆ. ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಅಥವಾ 120 ಸಲ ಮಿಡಿಯುತ್ತವೆ. ಹಳೆಯ ತಂತಿಯ ಬಲ್ಬಿನಲ್ಲಿ ತಂತಿ ತಣ್ಣಗಾಗಲು ಹೊತ್ತು ಬೇಕು, ಅದಕ್ಕೇ ಮಿಡಿತ ಕಡಿಮೆ. ಟ್ಯೂಬ್‌ಲೈಟಿನಲ್ಲಿ, ಒಳಗಿನ ಸರ್ಕ್ಯೂಟ್ ಅಷ್ಟು ಚೆನ್ನಾಗಿಲ್ಲದ ಎಲ್‌ಇಡಿಯಲ್ಲಿ ಜಾಸ್ತಿ. ನಮ್ಮ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಸೆನ್ಸರಿಗೆ ಗೊತ್ತಾಗುತ್ತದೆ. ಯಾಕೆಂದರೆ ಹೆಚ್ಚಿನ ಸೆನ್ಸರುಗಳು ಚಿತ್ರವನ್ನು ಒಟ್ಟಿಗೇ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. 50ರ ನಾಡಿನಲ್ಲಿ ಶಟರ್ 1/50 ಇದ್ದರೆ ಪ್ರತಿ ಸಾಲಿಗೂ ಸರಿಯಾಗಿ ಎರಡು ಮಿಡಿತ ಸಿಗುತ್ತದೆ. 1/100 ಇದ್ದರೆ ಒಂದು. 1/80 ಇಟ್ಟರೆ ಒಂದು ಸಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲತೊಡಗುತ್ತವೆ. 60ರ ನಾಡಿನಲ್ಲಿ 1/60 ಅಥವಾ 1/120 ಇಡಬೇಕು. ರೆಕಾರ್ಡ್ ಆದ ಮೇಲೆ ಈ ಪಟ್ಟಿ ತೆಗೆಯುವುದು ಬಹಳ ಕಷ್ಟ. ಶುರು ಮಾಡುವ ಮೊದಲು ಹತ್ತು ಸೆಕೆಂಡ್ ತೆಗೆದು ದೊಡ್ಡದು ಮಾಡಿ ನೋಡಿಬಿಡಿ.

ಹಾಗಾದರೆ ಶಟರ್ 1/50ರಲ್ಲಿ ನಿಂತಿತು. ಹೊರಗೆ ಬಿಸಿಲು ಸುಡುತ್ತಿದೆ. ಏನು ಮಾಡುವುದು?

ಫೋಟೋಗ್ರಾಫರುಗಳಲ್ಲಿ ಒಂದು ಹಳೆಯ ಲೆಕ್ಕವಿದೆ. ನಿಚ್ಚಳ ಬಿಸಿಲಲ್ಲಿ ಅಪರ್ಚರ್ ಎಫ್ 16 ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು), ಐಎಸ್‌ಒ ಎಷ್ಟೋ ಶಟರ್ ಅದರಲ್ಲೊಂದು ಭಾಗ ಇಟ್ಟರೆ ಎಕ್ಸ್‌ಪೋಷರ್ ಸರಿ. ಐಎಸ್‌ಒ 100ಕ್ಕೆ 1/100. ನಮ್ಮ ಶಟರ್ 1/50, ಅಂದರೆ ಬೆಳಕು ದುಪ್ಪಟ್ಟು. ಹಾಗಾಗಿ ಅಪರ್ಚರ್ ಎಫ್ 22ಕ್ಕೆ ಹೋಗಬೇಕು. ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವಾಗ ಬೆಳಕಿನ ಅಲೆಗಳು ಹರಡಿಕೊಳ್ಳುತ್ತವೆ, ಚಿತ್ರದ ಮೊನಚು ಹೋಗುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣಬೇಕು ಎಂದರೆ ಎಫ್ 2.8ಕ್ಕೆ ಬರಬೇಕು. 22, 16, 11, 8, 5.6, 4, 2.8. ಆರು ಸ್ಟಾಪ್, ಅಂದರೆ 64 ಪಟ್ಟು ಬೆಳಕು. ಅದನ್ನು ಲೆನ್ಸಿನ ಮುಂದೆಯೇ ತಡೆಯಬೇಕು. ಎನ್‌ಡಿ ಫಿಲ್ಟರ್ ಇರುವುದು ಇದಕ್ಕೇ. ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುವ ಕಪ್ಪು ಗಾಜು ಅದು. ಎನ್‌ಡಿ 64 ಎಂದರೆ 64ರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ. ವಿಡಿಯೋ ಕಲಿಯುವವರು ಹೊಸ ಲೆನ್ಸ್ ಕೊಳ್ಳುವ ಮೊದಲು ಒಂದು ಒಳ್ಳೆಯ ಎನ್‌ಡಿ ಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ತಿರುಗಿಸಿದಂತೆ ಕಪ್ಪು ಹೆಚ್ಚು ಕಡಿಮೆ ಆಗುವ ವೇರಿಯಬಲ್ ಎನ್‌ಡಿಯೂ ಇದೆ. ಒಂದೇ ದಿಕ್ಕಿನಲ್ಲಿ ಅಲೆಯುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್ ಗಾಜು ಎರಡನ್ನು ಒಂದರ ಮೇಲೊಂದು ಇಟ್ಟದ್ದು ಅದು. ವೈಡ್ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿ ಆಕಾರದ ಕಪ್ಪು ನೆರಳು ಮೂಡಬಹುದು.

ಬೆಳಕು ಸಾಲದ ಕಡೆ ಅಪರ್ಚರ್ ಪೂರ್ತಿ ತೆರೆದ ಮೇಲೆ ಉಳಿಯುವುದು ಐಎಸ್‌ಒ. ಐಎಸ್‌ಒ ಏರಿಸಿದರೆ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಹಿಡಿದದ್ದನ್ನೇ ಹಿಗ್ಗಿಸಿ ಕೊಡುತ್ತದೆ. ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಗಿಜಿಗಿಜಿಗೆ ನಾಯ್ಸ್ ಎನ್ನುತ್ತಾರೆ. ಅದರ ಒಂದು ದೊಡ್ಡ ಪಾಲು ಬೆಳಕಿನೊಳಗೇ ಇರುತ್ತದೆ. ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ, ಎಣಿಸಿಟ್ಟ ಹಾಗೆ ಬರುವುದಿಲ್ಲ. ಒಂದು ಪಿಕ್ಸೆಲ್ ಸರಾಸರಿ 100 ಫೋಟಾನ್ ಹಿಡಿಯಬೇಕಾದಲ್ಲಿ ಒಮ್ಮೆ 90, ಒಮ್ಮೆ 110 ಸಿಗುತ್ತದೆ. ಏರುಪೇರು ಆ ಸಂಖ್ಯೆಯ ವರ್ಗಮೂಲದಷ್ಟು. 100ಕ್ಕೆ 10, ಅಂದರೆ ನೂರಕ್ಕೆ ಹತ್ತು. 10,000 ಸಿಕ್ಕಿದಲ್ಲಿ ಏರುಪೇರು 100, ನೂರಕ್ಕೆ ಒಂದು ಮಾತ್ರ. ಕತ್ತಲಲ್ಲಿ ಗೋಡೆ ಗಿಜಿಗುಟ್ಟುವುದು ಇದರಿಂದಲೇ. ಒಂದು ದೀಪ ಹತ್ತಿರ ತಂದಿಟ್ಟರೆ ಆಗುವ ಲಾಭವನ್ನು ಯಾವ ಮೆನುವೂ ಕೊಡಲಾರದು.

ಹಾಗೆಂದು ಐಎಸ್‌ಒಗೆ ಹೆದರಿ ಚಿತ್ರವನ್ನು ಕತ್ತಲಾಗಿ ತೆಗೆಯುವುದೂ ತಪ್ಪು. ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೋಟೋದ ರಾ ಫೈಲಿನಲ್ಲಿ 14 ಬಿಟ್ ಇದ್ದರೆ ಪ್ರತಿ ಬಣ್ಣಕ್ಕೆ 16,384 ಮೆಟ್ಟಿಲು. ಸಾಮಾನ್ಯ 8 ಬಿಟ್ ವಿಡಿಯೋದಲ್ಲಿ 256 ಮಾತ್ರ, 10 ಬಿಟ್‌ನಲ್ಲಿ 1024. ಅದರ ಮೇಲೆ ಕ್ಯಾಮೆರಾ ವಿಡಿಯೋವನ್ನು ಗಟ್ಟಿಯಾಗಿ ಹಿಂಡಿ ಉಳಿಸುತ್ತದೆ. ಕತ್ತಲಲ್ಲಿ ಉಳಿದ ಕೆಲವೇ ಮೆಟ್ಟಿಲುಗಳನ್ನು ಎಡಿಟಿಂಗಿನಲ್ಲಿ ಮೇಲಕ್ಕೆ ಎಳೆದರೆ ಚಿತ್ರ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಆ ಹೊತ್ತಿಗೇ ಐಎಸ್‌ಒ ಏರಿಸಿ ಸರಿಯಾಗಿ ತೆಗೆಯುವುದು ಮೇಲು. ಕೆಲವು ಸೆನ್ಸರುಗಳಲ್ಲಿ ಎರಡು ಬೇರೆ ಸರ್ಕ್ಯೂಟುಗಳಿರುತ್ತವೆ. ಪ್ಯಾನಾಸೋನಿಕ್‌ನ ವ್ಯಾರಿಕ್ಯಾಮ್ 35ರಲ್ಲಿ ಅವು ಐಎಸ್‌ಒ 800 ಮತ್ತು 5000ಕ್ಕೆ ಹೊಂದಿಸಿದವು. ಇಂಥ ಕ್ಯಾಮೆರಾಗಳಲ್ಲಿ ಎರಡನೆಯ ಸಂಖ್ಯೆಗೆ ಹಾರಿದಾಗ, ಅದರ ಸ್ವಲ್ಪ ಕೆಳಗಿನ ಐಎಸ್‌ಒಗಿಂತ ನಾಯ್ಸ್ ಕಡಿಮೆಯೇ ಇರಬಹುದು. ನಿಮ್ಮ ಕ್ಯಾಮೆರಾದ ಸಂಖ್ಯೆ ಯಾವುದು ಅಂತ ಒಮ್ಮೆ ನೋಡಿಟ್ಟುಕೊಳ್ಳಿ.

ಇಷ್ಟೆಲ್ಲ ಇಟ್ಟ ಮೇಲೆ ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಕ್ಯಾಮೆರಾದ ಹಿಂದಿನ ಪರದೆ ಮೋಸ ಮಾಡುತ್ತದೆ. ಬಿಸಿಲಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಕತ್ತಲ ಕೋಣೆಯಲ್ಲಿ ಬೆಳ್ಳಗೆ ಕಾಣುತ್ತದೆ. ಕ್ಯಾಮೆರಾದಲ್ಲಿರುವ ಜೀಬ್ರಾ ಎಂಬ ಸೌಲಭ್ಯವನ್ನು ನಂಬಬಹುದು. ನೀವು ಕೊಟ್ಟ ಮಟ್ಟ ಮುಟ್ಟಿದ ಜಾಗದ ಮೇಲೆ ಅದು ಓರೆ ಗೆರೆ ಎಳೆಯುತ್ತದೆ. 100 ಪರ್ಸೆಂಟಿಗೆ ಇಟ್ಟರೆ ಎಲ್ಲಿ ಬಿಳುಪು ಸುಟ್ಟುಹೋಗುತ್ತಿದೆ ಎಂದು ತೋರಿಸುತ್ತದೆ. ಒಮ್ಮೆ ಸುಟ್ಟುಹೋದ ಆಕಾಶದಿಂದ ಮೋಡ ವಾಪಸ್ ಬರುವುದಿಲ್ಲ. ಮುಖಕ್ಕೆ 70 ಎಂದು ಅನೇಕ ಕಡೆ ಹೇಳಿಕೊಡುತ್ತಾರೆ. ಅದು ಬಿಳಿ ಮೈಬಣ್ಣದ ಮೇಲೆ ಕಟ್ಟಿದ ಲೆಕ್ಕ. ಕಂದು, ಕಪ್ಪು ಮೈಬಣ್ಣದವರನ್ನು ಅದೇ 70ಕ್ಕೆ ಏರಿಸಿದರೆ ಮುಖದ ಬಣ್ಣವೇ ತೊಳೆದುಹೋಗುತ್ತದೆ. 50, 55ರ ಸುತ್ತ ಇಟ್ಟು ನೋಡಿ. ಎದುರಿಗೆ ಕುಳಿತವರು ಹೇಗಿದ್ದಾರೋ ಹಾಗೆ ಕಾಣಬೇಕು, ಯಾರದೋ ಪಟ್ಟಿಯಲ್ಲಿರುವ ಸಂಖ್ಯೆಗೆ ಹೊಂದಬೇಕಾಗಿಲ್ಲ.

ಜೂಮ್ ಲೆನ್ಸಿನ ಬಗ್ಗೆ ಒಂದು ಸಣ್ಣ ಮಾತು. ಲೆನ್ಸಿನ ಮೇಲೆ 3.5-5.6 ಎಂದು ಬರೆದಿದ್ದರೆ, ಕಿಂಡಿ ಪೂರ್ತಿ ತೆರೆದಿಟ್ಟು ಜೂಮ್ ಮಾಡಿದಾಗ ಚಿತ್ರ ಒಂದು ಸ್ಟಾಪಿಗಿಂತ ಜಾಸ್ತಿ ಕಪ್ಪಾಗುತ್ತದೆ. ಮೊದಲೇ 5.6ಕ್ಕೆ ಇಟ್ಟರೆ ಈ ತೊಂದರೆ ಇಲ್ಲ.

ಒಂದೇ ಶಾಟಿನಲ್ಲಿ ಒಳಗಿನಿಂದ ಹೊರಗೆ ನಡೆಯುವುದು ಮಾತ್ರ ನಿಜವಾಗಿ ಕಷ್ಟ. ಬೆಳಕು ಎಷ್ಟು ಬೀಳುತ್ತಿದೆ ಎಂಬುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಕೋಣೆಯಲ್ಲಿ ಬೆಳಕು ಸುಮಾರು 200 ಲಕ್ಸ್ ಇದ್ದರೆ, ನೇರ ಬಿಸಿಲಲ್ಲಿ 1,00,000 ಲಕ್ಸ್. 500 ಪಟ್ಟು, ಹತ್ತಿರ ಹತ್ತಿರ 9 ಸ್ಟಾಪ್. ಇಲ್ಲಿ ಆಟೋಗೆ ಒಂದು ಮರ್ಯಾದೆಯ ಜಾಗ ಇದೆ. ಶಟರನ್ನೂ ಅಪರ್ಚರನ್ನೂ ನಿಲ್ಲಿಸಿ ಐಎಸ್‌ಒ ಒಂದನ್ನೇ ಆಟೋಗೆ ಬಿಡಿ, ಎಷ್ಟರವರೆಗೆ ಏರಬಹುದು ಎಂಬ ಮಿತಿ ಹಾಕಿ. ಸೋನಿಯ ಕೆಲವು ವಿಡಿಯೋ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆಯೇ ಎಲೆಕ್ಟ್ರಾನಿಕ್ ಎನ್‌ಡಿ ಇದೆ. ಹೊರಗೆ ಹೆಜ್ಜೆ ಇಡುತ್ತಿದ್ದಂತೆ ಅದು ತಾನಾಗಿ ನಿಧಾನಕ್ಕೆ ಕಪ್ಪೇರುತ್ತದೆ. ಅದಿಲ್ಲದಿದ್ದರೆ ಬಾಗಿಲ ಬಳಿ ಶಾಟ್ ಕತ್ತರಿಸಿ, ಹೊರಗೆ ಹೊಸದಾಗಿ ಶುರು ಮಾಡುವುದೇ ಒಳ್ಳೆಯದು.

ಗೆಳೆಯರ ಮಾತನ್ನು ಇನ್ನೊಮ್ಮೆ ತೆಗೆದೆ. ಅದೇ ಕಿಟಕಿ, ಅದೇ ಕುರ್ಚಿ. 25 ಫ್ರೇಮ್, 1/50, ಎಫ್ 4, ಐಎಸ್‌ಒ 400. ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ನಿಲ್ಲಿಸಿ ಕೈ ತೆಗೆದೆ. ಈ ಸಲವೂ ಹಿಂದೆ ಜನ ಓಡಾಡಿದರು. ಮುಖ ಅಲುಗಲಿಲ್ಲ. ನಡುವೆ ಒಮ್ಮೆ ಹೊರಗೆ ಮೋಡ ಕವಿಯಿತು. ಕಿಟಕಿಯ ಚೌಕಟ್ಟು, ಗೋಡೆ, ಅವರ ಕೆನ್ನೆ ಎಲ್ಲ ಒಟ್ಟಿಗೇ ಕೊಂಚ ಮಂಕಾದವು, ಸ್ವಲ್ಪ ಹೊತ್ತಿಗೆ ಒಟ್ಟಿಗೇ ಬೆಳಗಿದವು. ಆ ತುಣುಕನ್ನು ಕತ್ತರಿಸದೆ ಹಾಗೇ ಇಟ್ಟಿದ್ದೇನೆ.