ಮನೆಯೇ ಇಲ್ಲದವರು ಟಿಬಿ ಗುಳಿಗೆ ಎಲ್ಲಿ ಇಟ್ಟುಕೊಳ್ಳಬೇಕು?

"ಸಾಹೇಬ್ರ, ಈ ಗುಳಿಗಿ ಎಲ್ಲಿ ಇಟ್ಕೊಳ್ಳಲ್ರೀ?"

ವಿಜಯಪುರ ರೈಲು ನಿಲ್ದಾಣದ ಹೊರಗೆ ಮಲಗುವ ಅಜ್ಜರೊಬ್ಬರು ನನ್ನನ್ನು ಕೇಳಿದ ಮಾತಿದು. ಒಂದು ತಿಂಗಳ ಗುಳಿಗೆ ಕೈಗೆ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕು ಅಂತ ಹತ್ತು ನಿಮಿಷ ಹೇಳಿದ್ದೆ. ಎಲ್ಲಿ ಇಡಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಅವರ ಬಳಿ ಇದ್ದದ್ದು ಒಂದು ಚೀಲ, ಒಂದು ಕಂಬಳಿ. ವಾರದೊಳಗೆ ಚೀಲ ಕಳುವಾಯಿತು, ಗುಳಿಗೆಯೂ ಅದರ ಜೊತೆ ಹೋಯಿತು. ನಾವು ಬೈಯುತ್ತೇವೆ ಅಂತ ಹೆದರಿ ಅಜ್ಜ ದವಾಖಾನೆ ಕಡೆ ಬರಲೇ ಇಲ್ಲ.

ಮೊದಲು ಟಿಬಿ ಆದವರನ್ನು ತಿಂಗಳುಗಟ್ಟಲೆ ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿಗೆಂದೇ ಇದ್ದ ಆಸ್ಪತ್ರೆಯಲ್ಲಿ, ಇಡುತ್ತಿದ್ದರು. 1956ರಲ್ಲಿ ಮದ್ರಾಸ್‌ನಲ್ಲಿ ಒಂದು ಅಧ್ಯಯನ ಶುರುವಾಯಿತು. ಇಕ್ಕಟ್ಟಾದ ಬಡ ಮನೆಗಳಲ್ಲೇ ಇದ್ದು ಔಷಧ ತೆಗೆದುಕೊಂಡವರೂ ಹೆಚ್ಚುಕಡಿಮೆ ಸ್ಯಾನಿಟೋರಿಯಂನವರಷ್ಟೇ ಚೆನ್ನಾಗಿ ಗುಣವಾದರು ಎಂದು 1959ರಲ್ಲಿ ಅದರ ಫಲಿತಾಂಶ ಬಂತು. ದೊಡ್ಡ ಮಾತು ಅದು. ಇವತ್ತಿನ ನಮ್ಮ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಆದರೆ ಅದರಲ್ಲಿ ಒಂದು ಮನೆ ಇದೆ ಅಲ್ವಾ? ಗುಳಿಗೆ ಇಡಲು ಗೂಡು, ನೀರಿನ ಕೊಡ, ನೆನಪು ಮಾಡಲು ಒಬ್ಬ ಹೆಂಡತಿ ಅಥವಾ ಮಗ. ಅಜ್ಜನಿಗೆ ಇವ್ಯಾವುದೂ ಇರಲಿಲ್ಲ.

ಎರಡನೇ ಸಲ ಅವರನ್ನು ಹುಡುಕಿಕೊಂಡು ಹೋದಾಗ ನಾವು ಬೇರೆ ಪ್ರಶ್ನೆ ಕೇಳಿದೆವು. "ಅಜ್ಜಾ, ದಿನಾ ನಿಮ್ಮನ್ನ ಯಾರು ನೋಡ್ತಾರ?" ಅವರು ಚಹಾದಂಗಡಿ ಕಡೆ ಕೈ ಮಾಡಿದರು. ಅಂಗಡಿಯವರು ಮರುಮಾತಿಲ್ಲದೆ ಒಪ್ಪಿದರು. ಗುಳಿಗೆ ಅವರ ಸಕ್ಕರೆ ಡಬ್ಬಿಯ ಪಕ್ಕ ಕೂತಿತು. ಪ್ರತಿದಿನ ಬೆಳಿಗ್ಗೆ "ಮದ್ಲ ಗುಳಿಗಿ, ಆಮ್ಯಾಲ ಚಹಾ". ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು. ರೋಗಿಗೆ ಬೆಂಬಲವಾಗಿ ನಿಲ್ಲುವವರು ಮನೆಯವರೇ ಆಗಬೇಕು ಅಂತೇನೂ ಇಲ್ಲ, ದಿನಾ ಸಿಗುವವರಾದರೆ ಸಾಕು. ನನ್ನ ಅನುಭವದಲ್ಲಿ ಮನೆ ಇಲ್ಲದವರ ವಿಳಾಸ ಅಂದರೆ ಇಂಥ ಒಬ್ಬ ಮನುಷ್ಯ.

ಸಾಮಾನ್ಯ ಟಿಬಿಗೆ ಔಷಧ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಉಳಿದ ನಾಲ್ಕು ತಿಂಗಳು ಮೂರು. ಪ್ರತಿ ಗುಳಿಗೆಯಲ್ಲೂ ಅವನ್ನೆಲ್ಲ ಸೇರಿಸಿರುತ್ತಾರೆ. ದಿನಕ್ಕೆ ಇಂಥ ಎಷ್ಟು ಗುಳಿಗೆ ಅನ್ನೋದು ತೂಕದ ಮೇಲೆ. ಅಜ್ಜ 38 ಕಿಲೋ ಇದ್ದರು, ದಿನಕ್ಕೆ ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಆ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ. ಇದನ್ನು ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಅಂತ ಗಾಬರಿಯಾಗಿ ಔಷಧ ಬಿಟ್ಟುಬಿಡುತ್ತಾರೆ. ಔಷಧ ಸರಿಯಾಗಿ ಹಿಡಿದರೆ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವುದು ತುಂಬಾ ಇಳಿಯುತ್ತದೆ. ಟಿಬಿ ಗಾಳಿಯಿಂದ ಬರುವ ರೋಗ. ಮುಟ್ಟಿದರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ ಬರುವುದಿಲ್ಲ. ಅಂಗಡಿಯವರಿಗೆ ಇದನ್ನೇ ನಾನು ಮೂರು ಸಲ ಹೇಳಿದೆ.

ಪತ್ತೆ ಮಾಡುವುದರಲ್ಲೂ ನಮ್ಮ ರೂಢಿ ಬದಲಾಗಬೇಕು. "ನಾಳೆ ಬೆಳಿಗ್ಗೆ ಕಫ ತನ್ನಿ" ಅಂದರೆ ನಾಳೆ ಆ ಮನುಷ್ಯ ಸೊಲ್ಲಾಪುರದ ರೈಲಿನಲ್ಲಿ ಇರಬಹುದು. ಸಿಕ್ಕಾಗಲೇ, ಅಲ್ಲೇ ಬಯಲಲ್ಲಿ ನಿಲ್ಲಿಸಿ ಕಫ ತೆಗೆದುಕೊಳ್ಳಬೇಕು. ಕಫದಲ್ಲಿ ಟಿಬಿ ಇದೆಯಾ ಅಂತ ನೋಡುವ, ಗೋವಾದ ಕಂಪನಿಯೊಂದು ತಯಾರಿಸುವ ಟ್ರೂನಾಟ್ ಯಂತ್ರ ಬ್ಯಾಟರಿಯಲ್ಲೇ ಓಡುತ್ತದೆ, ಕೆಲವೇ ತಾಸಿನಲ್ಲಿ ಫಲಿತಾಂಶ ಕೊಡುತ್ತದೆ. ಕೆಮ್ಮು ಇದ್ದವರನ್ನು ಮಾತ್ರ ನೋಡಿದರೂ ಸಾಲದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಇಲ್ಲದಿದ್ದರೆ ನೂರರಲ್ಲಿ ಸುಮಾರು 43 ಟಿಬಿ ರೋಗಿಗಳು ಗೊತ್ತೇ ಆಗುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಈಗ ಇದೆ. ರಾತ್ರಿ ಒಂಬತ್ತಕ್ಕೆ, ಜನ ಹಾಸಿಗೆ ಹಾಸುವ ಹೊತ್ತಿಗೆ, ಅದನ್ನು ನಿಲ್ದಾಣಕ್ಕೆ ಒಯ್ಯಬೇಕು. ಹಗಲು ಹನ್ನೊಂದಕ್ಕೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ.

ಊಟದ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ ಪೋಷಣ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ. ಅದು ಬರೋದು ಬ್ಯಾಂಕ್ ಖಾತೆಗೆ, ಅಜ್ಜನಿಗೆ ಖಾತೆ ಇಲ್ಲ. ದಾನಿಗಳು ಕೊಡುವ ಕಿಟ್‌ನಲ್ಲಿ ಅಕ್ಕಿ, ಬೇಳೆ, ಎಣ್ಣೆ ಇರುತ್ತದೆ. ಒಲೆ ಇಲ್ಲದವರು ಬೇಳೆಯನ್ನು ಏನು ಮಾಡಬೇಕು? ಅವರಿಗೆ ಬೇಕಾದದ್ದು ಬೇಯಿಸಿದ ಅನ್ನ, ಎರಡು ರೊಟ್ಟಿ, ಒಂದು ತತ್ತಿ. ಕೊಡುವವರು ಹತ್ತಿರದ ಖಾನಾವಳಿಯಲ್ಲಿ ತಿಂಗಳ ದುಡ್ಡು ಕಟ್ಟಿಬಿಟ್ಟರೆ ಕಿಟ್‌ಗಿಂತ ಎಷ್ಟೋ ಉಪಯೋಗ.

ಇನ್ನು ರಾತ್ರಿ ತಂಗುವ ಆಶ್ರಯ ಕೇಂದ್ರಗಳು. ಅವು ಬೇಕೇ ಬೇಕು. ಆದರೆ ಡಿಸೆಂಬರ್ ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ ಒತ್ತೊತ್ತಾಗಿ ಮಲಗಿದರೆ ಒಬ್ಬರ ಕೆಮ್ಮು ಎಲ್ಲರದ್ದೂ ಆಗುತ್ತದೆ. ಎದುರುಬದುರಿನ ಎರಡು ಕಿಟಕಿ ತೆರೆದಿಟ್ಟು ಇನ್ನೊಂದು ಕಂಬಳಿ ಕೊಡಿ. ಒಬ್ಬರ ತಲೆ ಇದ್ದ ಕಡೆ ಪಕ್ಕದವರ ಕಾಲು ಬರುವಂತೆ ಹಾಸಿಗೆ ಹಾಕಿ.

ಆಧಾರ್ ಇಲ್ಲ ಅಂತ ರೋಗಿಯನ್ನು ವಾಪಸ್ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ತಪ್ಪು. ಕೈಯಲ್ಲಿ ಕಾಗದ ಇರಲಿ ಬಿಡಲಿ, ಮೊದಲು ಔಷಧ ಶುರುವಾಗಬೇಕು. ಆಮೇಲೆ ಸಿಗುವ ನಿಕ್ಷಯ ನಂಬರ್, ಅಂದರೆ ಟಿಬಿ ರೋಗಿಯ ನೋಂದಣಿ ಸಂಖ್ಯೆ, ದೇಶದ ಯಾವ ಊರಲ್ಲೂ ನಡೆಯುತ್ತದೆ. ಅಜ್ಜನ ನಂಬರನ್ನು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಕೊರಳಿನ ದಾರಕ್ಕೆ ಕಟ್ಟಿದೆವು.

ನಿಲ್ದಾಣದಲ್ಲೋ, ಗುಡಿ ದರ್ಗಾದ ಮುಂದೋ ಎರಡು ವಾರದಿಂದ ಕೆಮ್ಮುವವರು ಕಂಡರೆ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ರಾತ್ರಿ ಎಲ್ಲಿ ಮಲಗುತ್ತಾರೆ, ಬೆಳಿಗ್ಗೆ ಯಾರ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ, ಅದನ್ನು ಹೇಳಿ.