ನಾಲಿಗೆಗೆ ಜೋತುಬಿದ್ದ ಪ್ರಯಾಣಿಕ

ಬಂಬಲ್‌ಬೀ ಎಂಬ ದಪ್ಪ ರೋಮದ ಜೇನಿನ ನಾಲಿಗೆಯನ್ನು ಪುಟ್ಟ ಕಂದು ಜೀರುಂಡೆಯೊಂದು ಕಚ್ಚಿ ಹಿಡಿದಿದ್ದರೆ, ಅದು ರಕ್ತ ಹೀರುತ್ತಿದೆ ಎಂದೇ ನೋಡಿದವರು ತೀರ್ಮಾನಿಸುತ್ತಾರೆ. ಇಲ್ಲ, ಹೀರುತ್ತಿಲ್ಲ! ಕಚ್ಚಿದ್ದೆಲ್ಲ ಪರಾವಲಂಬಿ ಎಂಬ ಈ ಅವಸರದ ತೀರ್ಪನ್ನು ಮೊದಲು ಬಿಡಬೇಕು.

ನಾಲ್ಕೈದು ಮಿಲಿಮೀಟರ್ ಉದ್ದದ ಈ ಜೀರುಂಡೆಯ ಕುಲನಾಮ ಆಂಥೆರೋಫೇಗಸ್. ಗ್ರೀಕ್ ಮೂಲದ ಈ ಹೆಸರಿಗೆ ಹೂವಿನ ಪರಾಗಕೋಶ ತಿನ್ನುವುದು ಎಂದರ್ಥ. ಹೆಸರು ಅರ್ಧ ಬದುಕನ್ನಷ್ಟೇ ಹೇಳುತ್ತದೆ. ಹೂವಿನಲ್ಲಿ ಕಾಣುವುದು ಬೆಳೆದ ಜೀರುಂಡೆ. ಅದರ ಮರಿಹುಳು ಬೆಳೆಯುವುದು ಬಂಬಲ್‌ಬೀ ಗೂಡಿನ ಕಸದಲ್ಲಿ, ಉದುರಿದ ಪರಾಗ, ಹಿಕ್ಕೆಗಳನ್ನು ತಿಂದು.

ಒಂದು ಜೀವಿ ಇನ್ನೊಂದನ್ನು ಬರೀ ವಾಹನವಾಗಿ ಬಳಸುವುದಕ್ಕೆ 1896ರಲ್ಲಿ ಫ್ರಾನ್ಸಿನ ಪಿಯೆರ್ ಲೆಸ್ನ್ ‘ಫೊರೆಸಿ’ ಎಂಬ ಹೆಸರು ಕೊಟ್ಟರು. ಅವರ ಕಣ್ಣಿಗೆ ಬಿದ್ದದ್ದು ಸಗಣಿ ಜೀರುಂಡೆಗಳ ಮೇಲೆ ಸವಾರಿ ಮಾಡುವ ಸಣ್ಣ ನೊಣಗಳು. ನಮ್ಮ ಜೀರುಂಡೆಯದೂ ಅದೇ ಜಾಡು.

ಯುರೋಪ್, ಏಷ್ಯಾ, ಉತ್ತರ ಅಮೆರಿಕಗಳಲ್ಲಿ ಇದರ ಪ್ರಭೇದಗಳಿವೆ; ಉತ್ತರ ಅಮೆರಿಕದ್ದರಲ್ಲಿ ಒಂದು ಆಂಥೆರೋಫೇಗಸ್ ಓಕ್ರೇಶಿಯಸ್. ಬಂಬಲ್‌ಬೀಗಳ 250ಕ್ಕೂ ಹೆಚ್ಚು ಪ್ರಭೇದಗಳು ಬಹುಪಾಲು ಇರುವುದೂ ಉತ್ತರದ ತಂಪು ನಾಡುಗಳಲ್ಲಿ, ಎತ್ತರದ ಬೆಟ್ಟಗಳಲ್ಲಿ. ಜೇನಿದ್ದಲ್ಲಿ ಜೀರುಂಡೆ.

ಅದಕ್ಕೆ ಕಾರಣವೂ ಇದೆ. ಆ ತಂಪು ನಾಡುಗಳಲ್ಲಿ ಬಂಬಲ್‌ಬೀ ಸಂಸಾರ ಒಂದೇ ವರ್ಷದ್ದು. ಚಳಿಗಾಲಕ್ಕೆ ಮುನ್ನ ಹಳೆಯ ರಾಣಿಯೂ ಕೆಲಸಗಾರ್ತಿಯರೂ ಸಾಯುತ್ತಾರೆ. ಹೊಸ ರಾಣಿಯರಷ್ಟೇ ಉಳಿದು, ಬೇಸಿಗೆಯ ಮುಂಚೆ ಬೇರೆಡೆ ಗೂಡು ಹೂಡುತ್ತಾರೆ. ಆ ಗೂಡಾದರೋ ಇಲಿಯ ಹಳೆಯ ಬಿಲದಲ್ಲೋ ಹುಲ್ಲಿನ ಬುಡದಲ್ಲೋ ಅಡಗಿರುತ್ತದೆ. ಜೀರುಂಡೆ ಹುಡುಕಲು ಹೊರಡುವುದಿಲ್ಲ, ಹೂವಿನಲ್ಲಿ ಕಾಯುತ್ತದೆ. ಪತ್ರಕ್ಕೆ ವಿಳಾಸದ ದಾರಿ ತಿಳಿದಿರಬೇಕಿಲ್ಲ, ಅಂಚೆಯವನಿಗೆ ತಿಳಿದಿದ್ದರೆ ಸಾಕು. ಊರು ಗೊತ್ತಿಲ್ಲದವನೂ ಆ ಊರಿನ ಬಸ್ಸು ಹತ್ತಿದರೆ ತಲುಪುತ್ತಾನೆ. ಬಟ್ಟೆಗೆ ಅಂಟುವ ಮುಳ್ಳುಬೀಜಕ್ಕೂ ಇದನ್ನು ಹೋಲಿಸಬಹುದು, ಆದರೆ ಬೀಜ ಎಲ್ಲಿ ಬೀಳುವುದೋ ಯಾರಿಗೂ ತಿಳಿಯದು. ಮಕರಂದಕ್ಕೆ ಬಂದ ಕೆಲಸಗಾರ್ತಿ ಮಾತ್ರ ಹೊರೆ ಇಳಿಸಲು ಗೂಡಿಗೆ ಮರಳಲೇಬೇಕು. ಹೂವನ್ನೇ ನಿಲ್ದಾಣ ಮಾಡಿಕೊಂಡದ್ದರ ಸೊಗಸು ಇಲ್ಲಿದೆ.

ಜೇನು ಬಗ್ಗಿದೊಡನೆ ಜೀರುಂಡೆ ಅದರ ನಾಲಿಗೆಗೋ ಕಾಲಿಗೋ ಮೀಸೆಗೋ ದವಡೆ ಬಿಗಿಯುತ್ತದೆ. ಹಿಡಿತ ಸಡಿಲಿಸದೆ ಕತ್ತಲ ಗೂಡು ಸೇರಿದರೆ, ಅಲ್ಲಿ ದವಡೆ ಬಿಟ್ಟು, ಮೊಟ್ಟೆಯಿಡಲು ಕಸದೊಳಕ್ಕೆ ಇಳಿಯುತ್ತದೆ.